ಪದವಿ ಮೊದಲ ವರ್ಷದ ಸೂಕ್ಷ್ಮ ಅರ್ಥಶಾಸ್ತ್ರ: ಓದಿ ವರ್ಷಗಳಾದ ಮೇಲೆ ಬರೆದ ವಿಮರ್ಶೆ

ಕಾಲೇಜು ಅಡ್ಮಿಷನ್ ಶುರುವಾದಾಗಲೆಲ್ಲ ನಮ್ಮ ಕೇರಿಯ ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ. ಅರ್ಥಶಾಸ್ತ್ರ ತೆಗೆದುಕೊಂಡರೆ ಮುಂದೆ ಏನಾದರೂ ಉಪಯೋಗ ಇದೆಯಾ, ಇಲ್ಲಾ ಸುಮ್ನೆ ಬಾಯಿಪಾಠವಾ? ಕೊಳ್ಳುವವರು, ಮಾರುವವರು, ಒಂದೊಂದು ಸರಕಿನ ಬೆಲೆ ಇವುಗಳನ್ನು ನೋಡುವ ಸೂಕ್ಷ್ಮ ಅರ್ಥಶಾಸ್ತ್ರದ ಕೋರ್ಸನ್ನು ನಾನು ಓದಿದ್ದು ಕರಾವಳಿಯ ಒಂದು ಕಾಲೇಜಿನಲ್ಲಿ, ಬಿ.ಕಾಂ. ಮೊದಲ ವರ್ಷದಲ್ಲಿ. ಆಮೇಲೆ ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಲೆಕ್ಕಪತ್ರ ನೋಡುವ ಕೆಲಸಕ್ಕೆ ಸೇರಿದೆ. ತವರು ಮನೆ ಕಾರವಾರದ ಹತ್ತಿರ. ಹಾಗಾಗಿ ಘಟ್ಟದ ಕೆಳಗೆ ಮೀನು, ಘಟ್ಟದ ಮೇಲೆ ಅಡಿಕೆ, ಎರಡರ ದರವನ್ನೂ ನೋಡುತ್ತಲೇ ಇರುತ್ತೇನೆ. ಕೋರ್ಸ್‌ನಲ್ಲಿ ಕಲಿತದ್ದರಲ್ಲಿ ಏನು ಉಳಿಯಿತು, ಏನು ಮರೆತುಹೋಯಿತು ಅಂತ ಈಗ ಧೈರ್ಯವಾಗಿ ಹೇಳಬಹುದು.

ಮೊದಲೇ ಹೇಳಿಬಿಡುತ್ತೇನೆ: ತೆಗೆದುಕೊಳ್ಳಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆದರೆ ನಮ್ಮೂರಿನ ಪೇಟೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಓದಿದರೆ ಮಾತ್ರ ಆ ನಾಲ್ಕು. ಪುಸ್ತಕದ ಪೆನ್ನು, ಸೇಬು, ಐಸ್‌ಕ್ರೀಮ್ ಉದಾಹರಣೆಗಳಲ್ಲೇ ನಿಂತರೆ ಎರಡೂವರೆ.

ಪಾಠಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಬೇಡಿಕೆ, ಪೂರೈಕೆ, ಸ್ಥಿತಿಸ್ಥಾಪಕತ್ವ, ತುಷ್ಟಿಗುಣ (ಸರಕಿನಿಂದ ಸಿಗುವ ತೃಪ್ತಿ), ಉತ್ಪಾದನೆ, ವೆಚ್ಚ, ಪರಿಪೂರ್ಣ ಪೈಪೋಟಿ, ಏಕಸ್ವಾಮ್ಯ. ಕೊನೆಯಲ್ಲಿ ಮಾರುಕಟ್ಟೆ ಸೋಲುವ ಸಂದರ್ಭಗಳು. ಬೇಡಿಕೆ ಪೂರೈಕೆಯ ಗೆರೆಗಳು ಒಂದನ್ನೊಂದು ದಾಟುವ ಆ ಚಿತ್ರ ಇಷ್ಟು ಪ್ರಸಿದ್ಧವಾದದ್ದು ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಬರೆದ ಪುಸ್ತಕದಿಂದ. ಬೆಲೆಯನ್ನು ನಿಂತ ಅಕ್ಷದಲ್ಲಿ ಹಾಕುವ ರೂಢಿಯೂ ಅವರಿಂದಲೇ ಗಟ್ಟಿಯಾಯಿತು. ಪಿಯುಸಿಯಲ್ಲಿ ಗಣಿತ ಓದಿದ ಮಕ್ಕಳಿಗೆ ಇದು ಉಲ್ಟಾ ಕಾಣುತ್ತದೆ. ಬೆಲೆ ಬದಲಾದರೆ ಪ್ರಮಾಣ ಬದಲಾಗುತ್ತದೆ ಅಂದಮೇಲೆ ಬೆಲೆ ಅಡ್ಡ ಅಕ್ಷದಲ್ಲಿ ಇರಬೇಕಿತ್ತು ಅಲ್ವಾ? ಇದನ್ನು ಮೊದಲ ವಾರವೇ ಬಿಡಿಸಿ ಹೇಳಿದರೆ ಅರ್ಧ ತರಗತಿಯ ಗೊಂದಲ ಹೋಗುತ್ತದೆ. ನಮಗೆ ಯಾರೂ ಹೇಳಲಿಲ್ಲ.

ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ವೆಚ್ಚದ ಅಧ್ಯಾಯ. ಪರೀಕ್ಷೆಗೆ ಓದುವಾಗ ಅದರಷ್ಟು ಒಣ ಪಾಠ ಇನ್ನೊಂದಿಲ್ಲ ಅನಿಸುತ್ತದೆ. ಸ್ಥಿರ ವೆಚ್ಚ, ಬದಲಾಗುವ ವೆಚ್ಚ, ಸರಾಸರಿ, ಸೀಮಾಂತ (ಇನ್ನೊಂದು ಘಟಕ ಮಾಡಲು ಬೀಳುವ ಖರ್ಚು) ಅಂತ ಉದ್ದದ ಕೋಷ್ಟಕ ತುಂಬಿಸುವುದೇ ಕೆಲಸ. ಆದರೆ ಕಾರವಾರದ ಬೈತಖೋಲ ಬಂದರಿನಲ್ಲಿ ಸೀಸನ್ ನಡುವೆ ಕೆಲವು ಬೋಟುಗಳು ಕಟ್ಟಿಹಾಕಿಕೊಂಡು ನಿಂತಿರುವುದನ್ನು ನೋಡಿ. ಹವಾಮಾನ ಚೆನ್ನಾಗಿದೆ, ಮಳೆಗಾಲದ ಮೀನುಗಾರಿಕೆ ನಿಷೇಧವೂ ಇಲ್ಲ. ಆದರೂ ಯಾಕೆ ಹೊರಟಿಲ್ಲ?

ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳಿ. ಒಂದು ಸಲ ಹೋಗಿಬರಲು ಡೀಸೆಲ್, ಐಸು, ರೇಷನ್ ಎಲ್ಲ ಸೇರಿ 60,000 ರೂಪಾಯಿ. ಬೋಟಿನ ಸಾಲದ ಕಂತು ಆ ಅವಧಿಗೆ 40,000. ಹೋದರೂ ಕಟ್ಟಬೇಕು, ದಡದಲ್ಲಿ ನಿಂತರೂ ಕಟ್ಟಬೇಕು. ಮೀನಿನಿಂದ 75,000 ಬರುವ ಅಂದಾಜಿದ್ದರೆ ಹೋಗಬೇಕಾ? ಒಟ್ಟು ಖರ್ಚು ಒಂದು ಲಕ್ಷ, 25,000 ನಷ್ಟ, ಹಾಗಾಗಿ ಬೇಡ ಅಂತ ಹೆಚ್ಚಿನವರು ಹೇಳುತ್ತಾರೆ. ಆದರೆ ಹೋಗದಿದ್ದರೆ ನಷ್ಟ 40,000. ಅಂದರೆ ಹೋಗುವುದೇ ಸರಿ. ಅಂದಾಜು 60,000ಕ್ಕಿಂತ ಕೆಳಗೆ ಇಳಿದ ದಿನ ಮಾತ್ರ ಹಗ್ಗ ಬಿಚ್ಚಬಾರದು. ಪುಸ್ತಕದಲ್ಲಿ ಇದಕ್ಕೆ ಉತ್ಪಾದನೆ ನಿಲ್ಲಿಸುವ ಬಿಂದು ಅಂತ ಒಂದು ಚಿತ್ರವಿದೆ. ಬೋಟು ನಡೆಸುವ ತಾಂಡೇಲರಿಗೆ ಆ ಚಿತ್ರ ಬೇಡ, ಲೆಕ್ಕ ಬೆರಳ ತುದಿಯಲ್ಲೇ ಇರುತ್ತದೆ. ನಮ್ಮಂಥವರಿಗೆ ಅದನ್ನು ಕಲಿಸಿದ್ದು ಈ ಕೋರ್ಸ್. ಈಗ ಅಡಿಕೆ ಮಂಡಿಯಲ್ಲಿ ಗೋದಾಮಿನ ಬಾಡಿಗೆ, ಹಮಾಲಿ, ಲಾರಿ ಬಾಡಿಗೆ ಎದುರಿಗೆ ಬಂದಾಗಲೆಲ್ಲ ನಾನು ಮೊದಲು ಕೇಳುವ ಪ್ರಶ್ನೆ ಇದೇ: ಈ ಕೆಲಸ ಮಾಡದಿದ್ದರೆ ಇದರಲ್ಲಿ ಯಾವ ಖರ್ಚು ಉಳಿಯುತ್ತದೆ?

ಇದರ ಪಕ್ಕದಲ್ಲೇ ಕಲಿಯಬೇಕಾದ್ದು ಆಗಿಹೋದ ಖರ್ಚಿನ ವಿಷಯ. ಕಾರವಾರದ ಮೀನು ಪೇಟೆಯಲ್ಲಿ ಬೆಳಿಗ್ಗೆ ನೂರಕ್ಕೆ ಐದು ಅಂದ ಬಂಗಡೆ ಹೊತ್ತು ಏರಿದ ಮೇಲೆ ನೂರಕ್ಕೆ ಎಂಟಾಗುತ್ತದೆ. ಒಮ್ಮೆ ಪರಿಚಯದ ಅಕ್ಕನ ಹತ್ತಿರ ಕೇಳಿದೆ: "ಅಕ್ಕಾ, ನೀವು ಹರಾಜಲ್ಲಿ ಕೊಂಡಿದ್ದೇ ಇದಕ್ಕಿಂತ ಜಾಸ್ತಿಗೆ ಅಲ್ವಾ?" ಅವರು ಬುಟ್ಟಿಯ ಮೇಲೆ ನೀರು ಚಿಮುಕಿಸುತ್ತ ಹೇಳಿದರು: "ಬೆಳಿಗ್ಗೆ ಕೊಟ್ಟ ದುಡ್ಡು ಬೆಳಿಗ್ಗೆನೇ ಹೋಯ್ತು ತಂಗಿ. ಈಗ ಇದನ್ನ ಮನೆಗೆ ಹೊತ್ಕೊಂಡು ಹೋಗಿ ಏನು ಮಾಡ್ಲಿ?" ನಮ್ಮ ಪುಸ್ತಕದಲ್ಲಿ ಒಂದು ಪುಟ ಹಿಡಿದ ವಿವರಣೆಗಿಂತ ಇದು ಸ್ಪಷ್ಟ. ಕೊಂಡ ಬೆಲೆ ಈಗಿನ ತೀರ್ಮಾನದ ಒಳಗೆ ಬರಬಾರದು. ಈಗ ಎಷ್ಟು ಸಿಗುತ್ತದೆ, ಮಾರದಿದ್ದರೆ ಎಷ್ಟು ಸಿಗುತ್ತದೆ, ಅಷ್ಟೇ.

ಸ್ಥಿತಿಸ್ಥಾಪಕತ್ವ ಅನ್ನುವ ಹೆಸರಿಗೆ ಹೆದರಬೇಡಿ. ಬೆಲೆ ಇಳಿದಾಗ ಜನ ಎಷ್ಟು ಜಾಸ್ತಿ ಕೊಳ್ಳುತ್ತಾರೆ ಅನ್ನುವುದರ ಅಳತೆ ಅದು. ಬಂಗಡೆ ರಾಶಿ ರಾಶಿ ಬಂದ ದಿನ ಎಲ್ಲರ ಕೈಗೂ ದುಡ್ಡು ಬರಬೇಕಿತ್ತಲ್ಲ, ಯಾಕೆ ಬರುವುದಿಲ್ಲ ಅಂತ ಚಿಕ್ಕಂದಿನಿಂದ ಕೇಳುತ್ತಿದ್ದೆ. 100 ರೂಪಾಯಿಯಂತೆ 10 ಕಿಲೋ ಹೋದರೆ 1,000. ದರ 80ಕ್ಕೆ ಇಳಿದು 11 ಕಿಲೋ ಮಾತ್ರ ಹೋದರೆ 880. ಮೀನು ಜಾಸ್ತಿ, ದುಡ್ಡು ಕಡಿಮೆ. ಎಷ್ಟೇ ಅಗ್ಗವಾದರೂ ಒಂದು ಮನೆಯಲ್ಲಿ ಒಂದು ದಿನಕ್ಕೆ ತಿನ್ನುವ ಬಂಗಡೆಗೆ ಮಿತಿ ಇದೆ. ಉಳಿದದ್ದು ಫಿಶ್‌ಮೀಲ್ ಕಾರ್ಖಾನೆಯ ದಾರಿ ಹಿಡಿಯುತ್ತದೆ, ಅಲ್ಲಿ ಸಿಗುವ ದರ ಇನ್ನೂ ಕಡಿಮೆ.

ಈ ಪಾಠದ ಜೊತೆ ಕಾಲೇಜುಗಳು ಕಡ್ಡಾಯವಾಗಿ ಹೇಳಬೇಕಾದ ಒಂದು ಸಂಶೋಧನೆ ಇದೆ. ನಮ್ಮ ತರಗತಿಯಲ್ಲಿ ಬರಲಿಲ್ಲ, ನಾನೇ ಆಮೇಲೆ ಓದಿದ್ದು. ರಾಬರ್ಟ್ ಜೆನ್ಸನ್ ಅನ್ನುವ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ್ದು. ವಿಷಯ, ನಮ್ಮ ಕೆಳಗಿನ ಕೇರಳದ ಕಾಸರಗೋಡು, ಕಣ್ಣೂರು, ಕೋಝಿಕ್ಕೋಡ್ ಜಿಲ್ಲೆಗಳ ತಾರ್ಲೆ ಮೀನಿನ ವ್ಯಾಪಾರ. ಅಲ್ಲಿ 1997ರಿಂದ 2001ರ ನಡುವೆ ಮೊಬೈಲ್ ಸೇವೆ ಒಂದೊಂದೇ ಭಾಗಕ್ಕೆ ಬಂತು. ಅದಕ್ಕೆ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಎಸೆಯುತ್ತಿದ್ದರು. ಅದೇ ಹೊತ್ತಿಗೆ 15 ಕಿಲೋಮೀಟರ್ ಒಳಗಿನ ಇನ್ನೊಂದು ದಡದಲ್ಲಿ ಜನ ಮೀನಿಲ್ಲದೆ ವಾಪಸ್ ಹೋಗುತ್ತಿದ್ದರು. ಬೋಟಿನವರು ಸಮುದ್ರದಲ್ಲಿದ್ದಾಗಲೇ ಫೋನ್ ಮಾಡಿ ದರ ಕೇಳುವಂತಾದ ಮೇಲೆ ಎಸೆಯುವುದು ನಿಂತೇ ಹೋಯಿತು. ಒಂದು ದಡಕ್ಕೂ ಇನ್ನೊಂದು ದಡಕ್ಕೂ ಇದ್ದ ದರದ ಅಂತರ ಬಹಳ ಕಿರಿದಾಯಿತು. ಮೀನುಗಾರರ ಲಾಭ ಸುಮಾರು ಶೇ. 8 ಏರಿತು, ಕೊಳ್ಳುವವರಿಗೆ ದರ ಸುಮಾರು ಶೇ. 4 ಇಳಿಯಿತು. ಇಬ್ಬರಿಗೂ ಲಾಭ! ಒಂದೇ ಸರಕಿಗೆ ಒಂದೇ ಬೆಲೆ ಅನ್ನುವ ನಿಯಮ ತಾನಾಗಿ ನಡೆಯುವುದಿಲ್ಲ, ಸುದ್ದಿ ಓಡಾಡಿದರೆ ಮಾತ್ರ ನಡೆಯುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನಾನು ಇನ್ನೂ ನೋಡಿಲ್ಲ. ತದಡಿ, ಹೊನ್ನಾವರ, ಬೇಲೆಕೇರಿಯ ಮಕ್ಕಳಿಗೆ ಐಸ್‌ಕ್ರೀಮ್ ಮಾರುವ ಹುಡುಗನ ಕಥೆ ಹೇಳುವ ಬದಲು ಇದನ್ನು ಹೇಳಬಾರದೇ?

ಇನ್ನು ಕೋರ್ಸ್ ಕೈಕೊಡುವ ಜಾಗ. ಪೂರೈಕೆಯ ಗೆರೆ ನೋಡಿದರೆ ಬೆಲೆ ಏರಿದ ಕೂಡಲೇ ಸರಕು ಜಾಸ್ತಿ ಬರುತ್ತದೆ ಅನಿಸುತ್ತದೆ. ಅಡಿಕೆಯಲ್ಲಿ ಹಾಗಿಲ್ಲ. ಸಸಿ ನೆಟ್ಟು ಫಸಲು ಕೈಗೆ ಬರಲು ಐದಾರು ವರ್ಷವಾದರೂ ಬೇಕು. ಅಲ್ಪಾವಧಿ, ದೀರ್ಘಾವಧಿ ಅಂತ ಪುಸ್ತಕ ಹೇಳುತ್ತದೆ ನಿಜ, ಆದರೆ ಎರಡು ಪ್ಯಾರಾದಲ್ಲಿ ಮುಗಿಸುತ್ತದೆ. ಇನ್ನೊಂದು ದೊಡ್ಡ ವಿಷಯ ಅದರಲ್ಲಿ ಇಲ್ಲವೇ ಇಲ್ಲ, ದಾಸ್ತಾನು. ಒಣಗಿಸಿ ಸುಲಿದ ಚಾಲಿಯನ್ನು ರೈತರು ಮನೆಯಲ್ಲಿ ಇಟ್ಟುಕೊಂಡು ಕಾಯಬಹುದು. ಶಿರಸಿಯ ಯಾರ್ಡಿನಲ್ಲಿ ಟೆಂಡರ್ ದಿನ ನೋಡಬೇಕು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಅಂತ ಬೇರೆ ಬೇರೆ ಲಾಟುಗಳು. ವ್ಯಾಪಾರಸ್ಥರು ಒಂದೊಂದರ ಮುಂದೆ ನಿಂತು ಅಡಿಕೆ ಕೈಗೆತ್ತಿ, ಒಡೆದು, ಒಳಗಿನ ಬಣ್ಣ ನೋಡುತ್ತಾರೆ. ಪಕ್ಕದವರಿಗೆ ತಿಳಿಯದ ಹಾಗೆ ಕ್ವಿಂಟಲ್ ದರ ಬರೆದು ಕೊಡುತ್ತಾರೆ. ಜಾಸ್ತಿ ಬರೆದವರಿಗೆ ಲಾಟು. ದರ ಬಂದ ಮೇಲೆ ರೈತರ ಮುಖ ನೋಡಿ. ಇವತ್ತು ಬಿಡಬೇಕಾ, ಇನ್ನೊಂದು ತಿಂಗಳು ತಡೆಯಬೇಕಾ? ಮಗಳ ಮದುವೆ, ಸಂಘದ ಸಾಲ, ಮಳೆಗಾಲದಲ್ಲಿ ಹುಳ ಬೀಳುವ ಭಯ, ಎಲ್ಲ ಆ ಒಂದು ತೀರ್ಮಾನದೊಳಗೆ ಇರುತ್ತದೆ. ಪುಸ್ತಕದ ಮಾರಾಟಗಾರನಿಗೆ ಇಂಥ ಯಾವ ಚಿಂತೆಯೂ ಇಲ್ಲ. ಮುಂದಿನ ದರದ ನಿರೀಕ್ಷೆ ಇವತ್ತಿನ ಪೂರೈಕೆಯನ್ನು ಬದಲಿಸುತ್ತದೆ ಅಂತ ಒಂದೇ ಸಾಲು ಬರೆದು ಮುಂದೆ ಹೋಗುತ್ತಾರೆ. ನಮ್ಮ ಜಿಲ್ಲೆಯ ಅರ್ಧ ಜೀವನ ಆ ಒಂದು ಸಾಲಿನಲ್ಲಿದೆ.

ತುಷ್ಟಿಗುಣದ ಪಾಠ ಪರವಾಗಿಲ್ಲ. ನೀರು ಅಗ್ಗ, ವಜ್ರ ದುಬಾರಿ ಯಾಕೆ ಅನ್ನುವ ಹಳೇ ಒಗಟು ಚೆನ್ನಾಗಿದೆ. ಆಡಂ ಸ್ಮಿತ್ 1776ರಲ್ಲಿ ಎತ್ತಿದ ಈ ಪ್ರಶ್ನೆಗೆ ಸರಿಯಾದ ಉತ್ತರ ಬಂದದ್ದು 1870ರ ದಶಕದಲ್ಲಿ, ಜೆವನ್ಸ್, ಮೆಂಗರ್, ವಾಲ್ರಾಸ್ ಬರೆದ ಮೇಲೆ. ಬೆಲೆ ನಿಲ್ಲುವುದು ಒಟ್ಟು ಉಪಯೋಗದ ಮೇಲಲ್ಲ, ಕೊನೆಯ ಒಂದು ಘಟಕದ ಉಪಯೋಗದ ಮೇಲೆ. ಒಂದೇ ತೃಪ್ತಿ ಕೊಡುವ ಸರಕುಗಳ ಜೋಡಿಗಳನ್ನು ತೋರಿಸುವ ಔದಾಸೀನ್ಯ ರೇಖೆಗಳಿಗೆ ಮಾತ್ರ ನಮ್ಮಲ್ಲಿ ಸಮಯ ಸುರಿದರು. ಎಂ.ಎ. ಮಾಡುವವರಿಗೆ ಅದು ಬೇಕು. ಉಳಿದವರು ಪರೀಕ್ಷೆಗೆ ಎಷ್ಟು ಬೇಕೋ ಅಷ್ಟು ಓದಿದರೆ ಸಾಕು.

ಆ ಸಮಯ ಹೋಗಬೇಕಾಗಿದ್ದು ಕೊನೆಯ ಪಾಠಕ್ಕೆ, ಮಾರುಕಟ್ಟೆ ಸೋಲುವ ಸಂದರ್ಭಗಳಿಗೆ. ಪರೀಕ್ಷೆ ಹತ್ತಿರ ಬಂತು ಅಂತ ನಮಗೆ ಅದನ್ನು ನೋಟ್ಸ್ ಬರೆಸಿ ಮುಗಿಸಿದರು. ಇವತ್ತಿಗೂ ನನಗೆ ಬೇಸರ ಇರುವುದು ಇದೊಂದರ ಬಗ್ಗೆ. ಸಮುದ್ರದ ಮೀನು ಯಾರದ್ದೂ ಅಲ್ಲ, ಹಿಡಿದವರದ್ದು. ಒಂದು ಬೋಟು ಇವತ್ತು ಬಿಟ್ಟ ಮರಿ ಮೀನನ್ನು ನಾಳೆ ಇನ್ನೊಂದು ಬೋಟು ಹಿಡಿಯುತ್ತದೆ. ಹಾಗಾಗಿ ಬಿಡುವವರಿಲ್ಲ. ಎಲ್ಲರೂ ಹೀಗೆ ಬೋಟು ಸೇರಿಸುತ್ತಾ ಹೋದರೆ ಕೊನೆಗೆ ಮೀನಿನಿಂದ ಬರುವ ದುಡ್ಡೆಲ್ಲ ಖರ್ಚಿಗೇ ಸಮವಾಗಿ ಲಾಭ ಉಳಿಯುವುದಿಲ್ಲ ಅಂತ ಸ್ಕಾಟ್ ಗಾರ್ಡನ್ 1954ರಲ್ಲೇ ಮೀನುಗಾರಿಕೆಯನ್ನೇ ಇಟ್ಟುಕೊಂಡು ತೋರಿಸಿದ್ದರು. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಇರುವ 61 ದಿನಗಳ ನಿಷೇಧ ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಇಲ್ಲಿದೆ. ಒಬ್ಬರೇ ನಿಲ್ಲಿಸಿದರೆ ಅವರಿಗಷ್ಟೇ ನಷ್ಟ, ಎಲ್ಲರೂ ಒಟ್ಟಿಗೆ ನಿಲ್ಲಿಸಿದರೆ ಎಲ್ಲರಿಗೂ ಮೀನು.

ಸರ್ಕಾರದ ಕಾಯ್ದೆ ಒಂದೇ ದಾರಿ ಅಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಎಲಿನಾರ್ ಆಸ್ಟ್ರಮ್ ಬೇರೆ ಬೇರೆ ದೇಶಗಳ ಹುಲ್ಲುಗಾವಲು, ಕಾಲುವೆ, ಮೀನುಗಾರಿಕೆ ನೋಡಿ, ಊರವರೇ ನಿಯಮ ಮಾಡಿಕೊಂಡು ಬಹುಕಾಲ ಉಳಿಸಿಕೊಂಡ ಉದಾಹರಣೆಗಳನ್ನು 1990ರ ಪುಸ್ತಕದಲ್ಲಿ ಕೊಟ್ಟರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಇದನ್ನು ಓದಿದಾಗ ನನಗೆ ನೆನಪಾದದ್ದು ಶಿರಸಿ, ಸಿದ್ದಾಪುರ ಕಡೆಯ ಸೊಪ್ಪಿನ ಬೆಟ್ಟ. ತೋಟಕ್ಕೆ ಬೇಕಾದ ಸೊಪ್ಪು, ದರಕು (ಒಣ ಎಲೆ) ತರಲು ಹಕ್ಕಿರುವ ಕಾಡು ಅದು. ಒಂದು ಬೆಟ್ಟ ಹಸಿರಾಗಿದೆ, ಪಕ್ಕದ್ದು ಬೋಳಾಗಿದೆ. ಯಾಕೆ ಹೀಗೆ ಅಂತ ಒಂದು ಪ್ರಾಜೆಕ್ಟ್ ಕೊಟ್ಟು ಮಕ್ಕಳನ್ನು ಕಳಿಸಿದರೆ ಸಾಕು, ಆ ಪಾಠವನ್ನು ಅವರು ಜನ್ಮದಲ್ಲಿ ಮರೆಯುವುದಿಲ್ಲ.

ಈ ವರ್ಷ ಸೇರುವವರಿಗೆ ಕೆಲವು ಮಾತು. ಗಣಿತಕ್ಕೆ ಹೆದರಬೇಕಿಲ್ಲ, ಶೇಕಡಾ ಲೆಕ್ಕ ಮತ್ತು ಗ್ರಾಫ್ ಓದಲು ಬಂದರೆ ಮೊದಲ ವರ್ಷ ದಾಟಬಹುದು. ಕನ್ನಡ ಮಾಧ್ಯಮದವರು ಪಾಠವನ್ನು ಕನ್ನಡದಲ್ಲೇ ಅರ್ಥ ಮಾಡಿಕೊಂಡು, ಆಮೇಲೆ ಇಂಗ್ಲಿಷ್ ಹೆಸರುಗಳನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಕೇಳಿದರೆ ತಿಳಿಯುತ್ತದೆ ಅನ್ನುವವರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ 14.01 ಅನ್ನುವ ಇದೇ ಕೋರ್ಸ್, ಜೊನಾಥನ್ ಗ್ರೂಬರ್ ಮಾಡಿದ ಪಾಠಗಳು, ಇಂಟರ್ನೆಟ್ಟಿನಲ್ಲಿ ಪೂರ್ತಿ ಉಚಿತ. ವೆಚ್ಚದ ಪಾಠ ತಲೆಗೆ ಹೋಗದಿದ್ದರೆ ಅಲ್ಲಿ ಕೇಳಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ವಾರಕ್ಕೊಮ್ಮೆ ಬಂಗಡೆ ದರ, ಚಾಲಿ ದರ, ತೆಂಗಿನಕಾಯಿ ದರ ಬರೆಯಿರಿ. ದರ ಏರಿದ ವಾರ ಕಾರಣವನ್ನೂ ಬರೆಯಿರಿ: ಗಾಳಿ ಜೋರಿತ್ತು, ಹಬ್ಬ ಇತ್ತು, ಬೋಟು ಹೋಗಲಿಲ್ಲ. ಮೇ ತಿಂಗಳಲ್ಲಿ ಒಣಮೀನಿನ ದರ ಬರೆಯುವುದು ಮರೆಯಬೇಡಿ. ಮಳೆಗಾಲಕ್ಕೆ ಅಂತ ಎಲ್ಲರೂ ಒಣ ಬಂಗಡೆ, ಒಣ ಶೆಟ್ಲಿ (ಸೀಗಡಿ) ಕೊಳ್ಳುವ ಹೊತ್ತು ಅದು. ಬದಲಿ ಸರಕು ಅನ್ನುವ ಪಾಠ ಪರೀಕ್ಷೆಗೆ ಬಂದರೆ ಆ ಪುಟ ನೋಡಿಕೊಂಡು ಹೋದರೆ ಸಾಕು.