ಹೊಸ ರ‍್ಯಾಮ್ ಹಾಕಿದ್ದೀರಾ? ಕೆಲಸ ಶುರು ಮಾಡುವ ಮುಂಚೆ ಒಂದು ರಾತ್ರಿ ಟೆಸ್ಟ್‌ಗೆ ಬಿಡಿ

ಕಂಪ್ಯೂಟರ್‌ಗೆ ರ‍್ಯಾಮ್ (ಕೆಲಸ ನಡೆಯುವಾಗ ಫೈಲ್‌ಗಳು ತಾತ್ಕಾಲಿಕವಾಗಿ ಕೂರುವ ಮೆಮೊರಿ) ಹಾಕಿಸಬೇಕು ಅಂತಿರುವವರು, ಅದರಲ್ಲೂ ಬೇರೆಯವರ ಫೋಟೊ, ವಿಡಿಯೊ, ಲೆಕ್ಕಪತ್ರ ಇಟ್ಟುಕೊಂಡು ಕೆಲಸ ಮಾಡುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಕೈಯಲ್ಲಿ ಒಂದು ಮನೆಯವರ ಮದುವೆ ಫೋಟೊಗಳು ಹಾಳಾದವು. ಇನ್ನೊಬ್ಬರಿಗೆ ಹಾಗಾಗಬಾರದು.

ನಾನು ತುಮಕೂರಿನಲ್ಲಿ ಮದುವೆ ಆಲ್ಬಮ್ ಡಿಸೈನ್ ಮಾಡುತ್ತೇನೆ. ಫೋಟೊಗ್ರಾಫರ್‌ಗಳು ಹಾರ್ಡ್‌ಡಿಸ್ಕ್‌ನಲ್ಲಿ ಫೋಟೊ ತಂದುಕೊಡುತ್ತಾರೆ, ನಾನು ಕಾಪಿ ಮಾಡಿಕೊಂಡು ಡಿಸ್ಕ್ ವಾಪಸ್ ಕೊಡುತ್ತೇನೆ, ಆಮೇಲೆ ಪುಟ ಮಾಡಿ ಪ್ರಿಂಟ್‌ಗೆ ಕಳಿಸುತ್ತೇನೆ. ನನ್ನ ಡೆಸ್ಕ್‌ಟಾಪ್‌ನಲ್ಲಿ 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್ ಇದ್ದವು. ಫೋಟೊಶಾಪ್‌ನಲ್ಲಿ ಹತ್ತು ಪುಟ ಒಟ್ಟಿಗೆ ತೆರೆದರೆ ಸಿಸ್ಟಂ ಎಳೆಯುತ್ತಿತ್ತು. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಇನ್ನೆರಡು 8 ಜಿಬಿ ಸ್ಟಿಕ್ ತಂದೆ. ಹಳೆಯವುಗಳ ಸ್ಪೀಡ್ 2666, ಹೊಸವುಗಳದು 3200. "ಏನೂ ತೊಂದರೆ ಇಲ್ಲ ಸರ್, ಕಡಿಮೆ ಸ್ಪೀಡ್‌ಗೆ ಇಳಿದು ಓಡುತ್ತೆ" ಅಂದರು ಅಂಗಡಿಯವರು. ಸಾಮಾನ್ಯವಾಗಿ ಓಡುತ್ತೆ ಕೂಡ. ಆದರೆ ನಾಲ್ಕು ಸ್ಟಿಕ್ ಹಾಕಿದಾಗ, ಬೇರೆ ಬೇರೆ ಜೋಡಿ ಬೆರೆಸಿದಾಗ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಮೇಲೆ ಹೊರೆ ಜಾಸ್ತಿ. ಇದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹಾಕುವಾಗ ಎಚ್ಚರಿಕೆಯಿಂದಲೇ ಹಾಕಿದೆ. ಪ್ಲಗ್ ಕಿತ್ತೆ, ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿ ಮೈಯಲ್ಲಿನ ಸ್ಟ್ಯಾಟಿಕ್ ಕಳೆದುಕೊಂಡೆ, ಆಮೇಲೆ ಸ್ಟಿಕ್ ಕೂರಿಸಿದೆ. ಆನ್ ಮಾಡಿದರೆ ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಇಲ್ಲ. ಮದರ್‌ಬೋರ್ಡ್ ಮೇಲೆ ಡಿ-ರ‍್ಯಾಮ್ ಅಂತ ಬರೆದಿರುವ ಚಿಕ್ಕ ಲೈಟ್ ಉರಿಯುತ್ತಿತ್ತು. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಒಂದು ಸ್ಟಿಕ್‌ನ ತುದಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಹೆಬ್ಬೆರಳಲ್ಲಿ ಒತ್ತಿದೆ, ಟಕ್ ಅಂತ ಕ್ಲಿಪ್ ಬಿತ್ತು. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) 32 ಜಿಬಿ ಕಂಡಿತು. ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡೆ.

ನಾನು ಎಡವಿದ್ದು ಅಲ್ಲೇ. ಬಯಾಸ್‌ನಲ್ಲಿ 32 ಅಂತ ಬಂದರೆ ಅಷ್ಟು ರ‍್ಯಾಮ್ ಇದೆ ಅಂತ ಗೊತ್ತಾಗುತ್ತೆ, ಅಷ್ಟೂ ಸರಿಯಿದೆ ಅಂತ ಅಲ್ಲ. ಆನ್ ಆಗುವಾಗ ನಡೆಯುವ ಚೆಕ್ ಮೇಲುಮೇಲಿನದು. ಕೋಟಿಗಟ್ಟಲೆ ಸೆಲ್‌ಗಳಲ್ಲಿ ಒಂದೆರಡು ಕೆಟ್ಟಿದ್ದರೆ ಅದಕ್ಕೆ ಕಾಣುವುದಿಲ್ಲ. ಯಾವುದೋ ದೊಡ್ಡ ಫೈಲ್ ಬಂದು ಆ ಜಾಗದಲ್ಲಿ ಕೂತಾಗಲೇ ಅದರ ಗುಟ್ಟು ಬಯಲಾಗೋದು.

ಮೂರು ದಿನ ಸಿಸ್ಟಂ ಹೂವಿನಂತೆ ಓಡಿತು. ನಾಲ್ಕನೇ ದಿನ ಕ್ರೋಮ್‌ನಲ್ಲಿ ಟ್ಯಾಬ್‌ಗಳು ತಾವಾಗಿಯೇ ಬಿದ್ದುಹೋಗತೊಡಗಿದವು. ಮರುದಿನ ಫೋಟೊಶಾಪ್ ಸುಮ್ನೆ ಮುಚ್ಚಿಕೊಂಡಿತು. ಆಮೇಲೆ ನೀಲಿ ಪರದೆ. ಮೊದಲ ಸಲ "ಮೆಮೊರಿ ಮ್ಯಾನೇಜ್‌ಮೆಂಟ್" ಅಂತ ಬಂತು, ಎರಡನೇ ಸಲ "ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ", ಮೂರನೇ ಸಲ ಇನ್ನೇನೋ. ಹೀಗೆ ಪ್ರತಿ ಸಲ ಬೇರೆ ಹೆಸರು ಬರುತ್ತಿದ್ದರೆ, ಅದರಲ್ಲೂ ಈಚೆಗೆ ರ‍್ಯಾಮ್ ಹಾಕಿದ್ದರೆ, ಮೊದಲ ಅನುಮಾನ ರ‍್ಯಾಮ್ ಮೇಲೇ ಇರಲಿ. ಇನ್ನೊಂದು ಸುಳಿವನ್ನೂ ನಾನು ಕೈಬಿಟ್ಟೆ. ಗಿರಾಕಿಯೊಬ್ಬರು ಕಳಿಸಿದ ಜಿಪ್ ಫೈಲ್ ಬಿಚ್ಚಿದರೆ ಸಿಆರ್‌ಸಿ ಎರರ್ ಬಂತು, ಅಂದರೆ ಒಳಗಿನ ಡೇಟಾ ಲೆಕ್ಕಕ್ಕೆ ಹೊಂದುತ್ತಿಲ್ಲ ಅಂತ. ಅದೇ ಫೈಲ್ ಮತ್ತೆ ಬಿಚ್ಚಿದೆ, ಸರಿಯಾಗಿ ಬಿಚ್ಚಿಕೊಂಡಿತು. ಒಂದೇ ಫೈಲ್ ಒಂದು ಸಲ ಕೆಟ್ಟು ಇನ್ನೊಂದು ಸಲ ಸರಿ ಇದೆ ಅಂದರೆ ಫೈಲ್ ಕೆಟ್ಟಿಲ್ಲ ಅಲ್ವಾ? ಅವತ್ತು ನನಗೆ ಇದು ಹೊಳೆಯಲಿಲ್ಲ.

ರಿಪೇರಿಯವರನ್ನು ಕರೆಸಿದೆ. ಹತ್ತು ನಿಮಿಷ ನೋಡಿ "ಹಾರ್ಡ್‌ಡಿಸ್ಕ್ ಹೋಗ್ತಿದೆ ಸರ್, ಎಸ್‌ಎಸ್‌ಡಿ ಹಾಕಿ" ಅಂದರು. ಹೊಸ ರ‍್ಯಾಮ್ ಹಾಕಿದ ವಿಷಯ ಹೇಳಿದೆ. "32 ತೋರಿಸ್ತಿದೆಯಲ್ಲ, ಅದು ಸರಿಯಿದೆ" ಅಂದರು. ನಂಬಿದೆ. 1 ಟಿಬಿ ಎಸ್‌ಎಸ್‌ಡಿ ತಂದು ಹಳೆ ಡಿಸ್ಕ್‌ನಲ್ಲಿದ್ದ ಅಷ್ಟನ್ನೂ ಅದಕ್ಕೆ ಕಾಪಿ ಹಾಕಿದೆ. ಒಂದೇ ಒಂದು ಎರರ್ ಬರಲಿಲ್ಲ. ಆಮೇಲೆ, ಜನರ ಮನೆ ಫೋಟೊಗಳು ಗುಜರಿಯವರ ಕೈಗೆ ಸಿಗಬಾರದು ಅಂತ ಹಳೆ ಡಿಸ್ಕನ್ನು ಪೂರ್ತಿ ಅಳಿಸಿ, ಕೊಟ್ಟುಬಿಟ್ಟೆ. ಆ ಡಿಸ್ಕ್‌ಗೆ ಏನೂ ಆಗಿರಲೇ ಇಲ್ಲ.

ಕಾಪಿ ಮಾಡುವಾಗ ಫೈಲ್ ಒಂದು ಡಿಸ್ಕ್‌ನಿಂದ ನೇರವಾಗಿ ಇನ್ನೊಂದಕ್ಕೆ ಹಾರಿಹೋಗುವುದಿಲ್ಲ. ಮೊದಲು ರ‍್ಯಾಮ್‌ಗೆ ಬರುತ್ತೆ, ಅಲ್ಲಿಂದ ಹೊಸ ಡಿಸ್ಕ್‌ಗೆ ಹೋಗುತ್ತೆ. ರ‍್ಯಾಮ್‌ನಲ್ಲಿ ಒಂದು ಬಿಟ್ (ಡೇಟಾದ ಒಂದು 0 ಅಥವಾ 1) ತಿರುಚಿಕೊಂಡರೆ ತಿರುಚಿದ್ದೇ ಡಿಸ್ಕ್‌ಗೆ ಬರೆದುಹೋಗುತ್ತೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಕಾಪಿ-ಪೇಸ್ಟ್ ಮಾಡಿದಾಗ, ಬರೆದದ್ದನ್ನು ಮೂಲದ ಜೊತೆ ಮತ್ತೆ ಹೋಲಿಸಿ ನೋಡುವ ಕೆಲಸ ನಡೆಯುವುದಿಲ್ಲ. ಸರ್ವರ್‌ಗಳಲ್ಲಿ ಇಂಥ ತಪ್ಪು ಹಿಡಿಯುವ ಇಸಿಸಿ ರ‍್ಯಾಮ್ ಇರುತ್ತೆ, ನಮ್ಮ ಮಾಮೂಲಿ ಡೆಸ್ಕ್‌ಟಾಪ್‌ಗಳಲ್ಲಿ ಇರುವುದಿಲ್ಲ. ಸಿಸ್ಟಂ ಹ್ಯಾಂಗ್ ಆದರೆ ಕಣ್ಣಿಗೆ ಕಾಣುತ್ತೆ, ಏನಾದರೂ ಮಾಡುತ್ತೀರಿ. ಫೈಲ್ ಒಳಗೊಳಗೇ ಕೆಡುವುದು ತಿಂಗಳುಗಟ್ಟಲೆ ಗೊತ್ತಾಗದೇ ಇರಬಹುದು. ನಾನು ಈ ಬರಹ ಬರೆಯುತ್ತಿರುವುದೇ ಇದಕ್ಕೋಸ್ಕರ.

ನನಗೆ ಗೊತ್ತಾಗಿದ್ದು ಆ ಮದುವೆಯ ಆಲ್ಬಮ್ ಕೈಗೆತ್ತಿಕೊಂಡಾಗ. ಸುಮಾರು 1,900 ಫೋಟೊ. ಚಿಕ್ಕದಾಗಿ ಸಾಲುಸಾಲು ನೋಡಿದಾಗ ಎಲ್ಲವೂ ಚೆನ್ನಾಗಿದ್ದವು, ಏಕೆಂದರೆ ಕ್ಯಾಮೆರಾದ ಜೆಪೆಗ್ ಫೈಲ್ ಒಳಗೆ ಒಂದು ಪುಟ್ಟ ಚಿತ್ರ ಬೇರೆಯಾಗಿ ಇರುತ್ತೆ, ನನ್ನ ವ್ಯೂವರ್ ಅದನ್ನೇ ತೋರಿಸುತ್ತಿತ್ತು. ಧಾರೆಯ ಫೋಟೊ ದೊಡ್ಡದು ಮಾಡಿದೆ. ಮೇಲಿನ ಅರ್ಧ ಸರಿಯಿದೆ. ಬಾಸಿಂಗ ಕಾಣುತ್ತೆ, ತಲೆ ತಗ್ಗಿಸಿರುವ ಹುಡುಗಿಯ ಮುಖ ಕಾಣುತ್ತೆ. ಗಲ್ಲದ ಕೆಳಗೆ ಅಡ್ಡ ಒಂದು ಗೆರೆ. ಅಲ್ಲಿಂದ ಚಿತ್ರ ಪಕ್ಕಕ್ಕೆ ಜರುಗಿ ನೇರಳೆ ಬಣ್ಣಕ್ಕೆ ತಿರುಗಿದೆ, ಇನ್ನೂ ಕೆಳಗೆ ಬರೀ ಬೂದಿ ಬಣ್ಣ. ತೆಂಗಿನಕಾಯಿ, ಅದರ ಮೇಲೆ ನೀರು ಬಿಡುವ ಅಪ್ಪ ಅಮ್ಮನ ಕೈಗಳು, ಅಷ್ಟೂ ಆ ಬೂದಿಯಲ್ಲಿ ಹೋಗಿವೆ. ಜೆಪೆಗ್‌ನಲ್ಲಿ ಒಂದು ಬಿಟ್ ತಪ್ಪಿದರೂ ಅಲ್ಲಿಂದ ಮುಂದಿನದನ್ನು ಬಿಡಿಸುವ ಲೆಕ್ಕವೇ ತಪ್ಪಿಹೋಗಬಹುದು. ಒಂದೊಂದಾಗಿ ತೆರೆದು ನೋಡಿದೆ. ಹದಿನೇಳು ಫೋಟೊ ಹೀಗಾಗಿದ್ದವು. ಫೋಟೊಗ್ರಾಫರ್‌ಗೆ ಫೋನ್ ಮಾಡಿದೆ. "ಆ ಡಿಸ್ಕ್ ಖಾಲಿ ಮಾಡಿ ಆಮೇಲೆ ಎರಡು ಮದುವೆ ತುಂಬ್ಸಿದೀನಲ್ಲ ಅಣ್ಣ" ಅಂದ.

ಅವತ್ತು ರಾತ್ರಿ ಬೇರೆ ಕಂಪ್ಯೂಟರ್‌ನಲ್ಲಿ ಮೆಮ್‌ಟೆಸ್ಟ್86 ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದೆ. ಇದು ವಿಂಡೋಸ್ ಒಳಗೆ ಓಡುವುದಲ್ಲ, ಪೆನ್‌ಡ್ರೈವ್‌ನಿಂದಲೇ ಬೂಟ್ ಆಗಿ ರ‍್ಯಾಮ್‌ನ ಮೂಲೆಮೂಲೆಗೂ ಬರೆದು, ಓದಿ, ಹೋಲಿಸುತ್ತೆ. ಫ್ರೀ ಆವೃತ್ತಿಯಲ್ಲಿ ನಾಲ್ಕು ಸುತ್ತು ಓಡಿಸಬಹುದು. ವಿಂಡೋಸ್ ಜೊತೆ ಬರುವ ಮೆಮೊರಿ ಡಯಾಗ್ನೊಸ್ಟಿಕ್ ಅನ್ನು ಮೊದಲೇ ಓಡಿಸಿದ್ದೆ, ಅದು ತೊಂದರೆ ಇಲ್ಲ ಅಂದಿತ್ತು. ಅದು ತಪ್ಪು ತೋರಿಸಿದರೆ ನಂಬಿ, ಸರಿಯಿದೆ ಅಂದರೆ ಅಷ್ಟಕ್ಕೇ ನಿಲ್ಲಬೇಡಿ.

ಮೊದಲನೇ ಸುತ್ತು ಮುಗಿಯುವ ಮುಂಚೆಯೇ ಕೆಂಪು ಸಾಲುಗಳು ಬಂದವು. ಬರೆದದ್ದು ಏನು, ಓದಿದಾಗ ಸಿಕ್ಕಿದ್ದು ಏನು ಅಂತ ಪಕ್ಕಪಕ್ಕದಲ್ಲಿ ತೋರಿಸುತ್ತೆ. ಎಂಟು ಅಕ್ಷರಗಳೂ ಎಫ್ ಇರಬೇಕಾದ ಕಡೆ ಏಳನೆಯದು ಡಿ ಆಗಿತ್ತು. ಕಂಪ್ಯೂಟರ್ ಲೆಕ್ಕದಲ್ಲಿ ಎಫ್ ಅಂದರೆ 1111, ಡಿ ಅಂದರೆ 1101, ಇರುವ ವ್ಯತ್ಯಾಸ ಒಂದೇ ಒಂದು ಬಿಟ್. ಪ್ರತಿ ಸಾಲಿನಲ್ಲೂ ಅದೇ ಬಿಟ್. ಅದನ್ನು ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ. ಇಲ್ಲಿ ಒಂದು ಎರರ್ ಬಂದರೂ "ಒಂದೇ ಅಲ್ವಾ" ಅಂತ ಬಿಡಬೇಡಿ. ಸೊನ್ನೆಯೇ ಬರಬೇಕು.

ಎರರ್ ಬಂದ ತಕ್ಷಣ ಸ್ಟಿಕ್ ಕಿತ್ತು ಅಂಗಡಿಗೆ ಓಡಬೇಡಿ, ತಪ್ಪು ಯಾರದು ಅಂತ ಮೊದಲು ಖಾತ್ರಿ ಆಗಲಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಹೆಚ್ಚು ಸ್ಪೀಡ್‌ನಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಇದ್ದರೆ ಆಫ್ ಮಾಡಿ ಮತ್ತೆ ಓಡಿಸಿ. ಆಫ್ ಮಾಡಿದ ಮೇಲೆ ಎರರ್ ನಿಂತರೆ ಸ್ಟಿಕ್ ಕೆಟ್ಟಿರಲೇಬೇಕು ಅಂತಿಲ್ಲ, ಆ ಸ್ಪೀಡ್‌ನಲ್ಲಿ ಅಷ್ಟು ಸ್ಟಿಕ್ ಒಟ್ಟಿಗೆ ಹೊಂದದೇ ಇರಬಹುದು. ನನ್ನದರಲ್ಲಿ ಆಫ್ ಇದ್ದರೂ ಬಂತು. ಆಮೇಲೆ ಒಂದೊಂದೇ ಸ್ಟಿಕ್ ಇಟ್ಟು ಓಡಿಸಿದೆ. ಎಲ್ಲ ಒಟ್ಟಿಗೆ ಇದ್ದಾಗ ಮೆಮೊರಿಯ ಜಾಗಗಳ ವಿಳಾಸಗಳು ಸ್ಟಿಕ್‌ಗಳ ನಡುವೆ ಹಂಚಿಕೊಂಡಿರುತ್ತವೆ, ವಿಳಾಸ ನೋಡಿ ಯಾವ ಸ್ಟಿಕ್ ಅಂತ ಹೇಳುವುದು ಕಷ್ಟ. ಹಳೆಯ ಎರಡೂ ಸರಿ. ಹೊಸದರಲ್ಲಿ ಒಂದು ಸರಿ, ಇನ್ನೊಂದು ಕೆಂಪು. ಅದನ್ನೇ ಬೇರೆ ಸ್ಲಾಟ್‌ಗೆ ಹಾಕಿದರೂ ಕೆಂಪು. ಸ್ಟಿಕ್ ಎಲ್ಲಿ ಹೋದರೂ ಎರರ್ ಹಿಂದೆಯೇ ಬಂದರೆ ತಪ್ಪು ಸ್ಟಿಕ್‌ನದು. ಯಾವ ಸ್ಟಿಕ್ ಇಟ್ಟರೂ ಒಂದೇ ಸ್ಲಾಟ್‌ನಲ್ಲಿ ಎರರ್ ಬಂದರೆ ಸ್ಲಾಟ್, ಬೋರ್ಡ್ ಅಥವಾ ಪ್ರೊಸೆಸರ್ ಕಡೆ ನೋಡಬೇಕು. ಈ ಪರೀಕ್ಷೆಗೆ ನನಗೆ ಎರಡು ಹಗಲು ಎರಡು ರಾತ್ರಿ ಹಿಡಿಯಿತು. ರ‍್ಯಾಮ್ ಹಾಕಿದ ದಿನವೇ ಮಾಡಿದ್ದರೆ ಒಂದು ರಾತ್ರಿಯಲ್ಲೇ ಗೊತ್ತಾಗುತ್ತಿತ್ತು.

ಅಂಗಡಿಯವರು ಮೊದಲು ಒಪ್ಪಲಿಲ್ಲ. ತಮ್ಮ ಸಿಸ್ಟಂಗೆ ಹಾಕಿ "ಡಿಸ್‌ಪ್ಲೇ ಬರ್ತಿದೆಯಲ್ಲ ಸರ್" ಅಂದರು. ಕೆಂಪು ಸಾಲುಗಳ ಫೋಟೊ ಮೊಬೈಲ್‌ನಲ್ಲಿತ್ತು, ತೋರಿಸಿದೆ. ಪೆನ್‌ಡ್ರೈವ್ ಕೂಡ ಜೇಬಿನಲ್ಲಿತ್ತು, ಅಲ್ಲೇ ಓಡಿಸಲು ಕೇಳಿಕೊಂಡೆ. ಅವರ ಸಿಸ್ಟಂನಲ್ಲೂ ಬಂದ ಮೇಲೆ ಮಾತಿಲ್ಲದೆ ಬದಲಾಯಿಸಿಕೊಟ್ಟರು. ಬಿಲ್ ಇಟ್ಟುಕೊಳ್ಳಿ, ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿ, ಸ್ಟಿಕ್ ಮೇಲಿನ ಸ್ಟಿಕರ್ ಕೀಳಬೇಡಿ. ಮನೆಗೆ ತಂದ ಮೇಲೆ ಸಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಸ್ಟಿಕ್ ಒಳಗೇ ಬರೆದಿಟ್ಟ ವಿವರ ತೋರಿಸುವ ಎಸ್‌ಪಿಡಿ ಅನ್ನುವ ಭಾಗ ತೆರೆದು, ಸ್ಟಿಕರ್ ಮೇಲಿನ ಕಂಪನಿ, ಪಾರ್ಟ್ ನಂಬರ್ ಅಲ್ಲಿಯದಕ್ಕೆ ಹೊಂದುತ್ತದಾ ನೋಡಿ. ಹಳೆ ಮಾಲಿಗೆ ಹೊಸ ಸ್ಟಿಕರ್ ಅಂಟಿಸಿ ಮಾರುವವರೂ ಇದ್ದಾರೆ.

ಈಗಾಗಲೇ ಇಂಥ ತೊಂದರೆಯಲ್ಲಿ ಇದ್ದೀರಾ? ಹಾಗಿದ್ದರೆ ಬ್ಯಾಕಪ್ ತೆಗೆಯೋಕೂ ಆ ಸಿಸ್ಟಂ ಬಳಸಬೇಡಿ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿ ಕಾಪಿ ಮಾಡಿ, ಇಲ್ಲವೇ ಹೊಸ ಸ್ಟಿಕ್ ಕಿತ್ತು, ಹಳೆಯದಷ್ಟನ್ನೇ ಬಿಟ್ಟು ಟೆಸ್ಟ್ ಮಾಡಿ, ಆಮೇಲೆ ಕಾಪಿ ಮಾಡಿ. ಹಳೆಯ ಬ್ಯಾಕಪ್ ಮೇಲೆ ಹೊಸದನ್ನು ಬರೆಯಬೇಡಿ. ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ, ಅದೂ ಇದೇ ರ‍್ಯಾಮ್ ಮೂಲಕವೇ ಬರಬೇಕು.

ಹುಡುಗಿಯ ಮನೆಗೆ ನಾನೇ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ ಅನ್ನಿಸಿತು. ಅವರ ತಂದೆ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ನೀರು ಬಿಡೋದು ಬಂದಿಲ್ವಾ?" ಅಂತ ಕೇಳಿದರು. ವಿಡಿಯೊದಿಂದ ಒಂದು ಫ್ರೇಮ್ ತೆಗೆಯೋಣ ಅಂತ ನೋಡಿದೆ, ಆ ಹೊತ್ತಿಗೆ ಪುರೋಹಿತರು ಅಡ್ಡ ಬಂದಿದ್ದರು. ಕೊನೆಗೆ ಹುಡುಗಿಯ ಚಿಕ್ಕಮ್ಮ ಕಂಬದ ಪಕ್ಕದಿಂದ ಮೊಬೈಲ್‌ನಲ್ಲಿ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದ ಒಂದು ಫೋಟೊ ಸಿಕ್ಕಿತು. ಸ್ವಲ್ಪ ಮಸುಕು. ಹುಡುಗಿಯ ಮುಖ ಅರ್ಧವೇ ಕಾಣುತ್ತೆ, ಆದರೆ ಕಾಯಿಯ ಮೇಲೆ ಅವರ ಕೈ ಇದೆ, ನೀರೂ ಬೀಳುತ್ತಿದೆ. ದೊಡ್ಡದು ಮಾಡಿದರೆ ಒಡೆದುಹೋಗುತ್ತೆ ಅಂತ ಅಂಗೈಯಷ್ಟೇ ಅಗಲ ಇಟ್ಟು, ಸುತ್ತ ಜಾಗ ಖಾಲಿ ಬಿಟ್ಟು ಆ ಪುಟ ಮಾಡಿಕೊಟ್ಟೆ.