ಪೈನ್‌ಸಿಲ್ ವಿ2: ಎಸ್‌ಎಂಡಿ ಕೆಲಸಕ್ಕೆ ಇದು ಸಾಕಾ?

ಎಸ್‌ಎಂಡಿ ಅಂದರೆ ಸರ್ಕ್ಯೂಟ್ ಬೋರ್ಡಿನ ಮೇಲ್ಮೈಗೇ ಬೆಸೆಯುವ ಪುಟ್ಟ ಪಾರ್ಟ್‌ಗಳು. ಅವಕ್ಕೆ ಇದು ಸಾಕು. ಆದರೆ ಡಬ್ಬಿಯಲ್ಲಿ ಬರುವ ಟಿಪ್ ಇಟ್ಟುಕೊಂಡು ಕೂತರೆ ಸಾಲದು.

ಪೈನ್64 ಕಂಪನಿಯ ಸೋಲ್ಡರಿಂಗ್ ಐರನ್ ಇದು, ದಪ್ಪ ಪೆನ್ನಿನಷ್ಟಿದೆ. ಅವರ ಸ್ಟೋರ್‌ನಲ್ಲಿ ಬೆಲೆ ಸುಮಾರು 26 ಡಾಲರ್, ಇಲ್ಲಿಗೆ ತರಿಸೋಕೆ ಸಾಗಣೆ, ಕಸ್ಟಮ್ಸ್ ಬೇರೆ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸಿಗುವ ಮಾಮೂಲಿ 25 ವ್ಯಾಟ್ ಐರನ್ ಪಕ್ಕ ಇಟ್ಟರೆ ಜಾಸ್ತಿನೇ. ಆದರೂ 0603 ರೆಸಿಸ್ಟರ್ ಕೂರಿಸಬೇಕು ಅನ್ನೋರು ಈ ದುಡ್ಡು ಹಾಕಿ ಅಂತಲೇ ಹೇಳ್ತೀನಿ. 0603 ಅಂದರೆ 1.6 ಮಿಮೀ ಉದ್ದ, 0.8 ಮಿಮೀ ಅಗಲ, ಅಕ್ಕಿ ಕಾಳಿಗಿಂತ ಚಿಕ್ಕದು. ಶಾಖಕ್ಕೆ ಲಗಾಮಿಲ್ಲದ ಐರನ್ ಸ್ಟ್ಯಾಂಡಲ್ಲಿ ಕೂತಾಗ ಬೇಕಾದ್ದಕ್ಕಿಂತ ಜಾಸ್ತಿ ಕಾಯುತ್ತೆ, ಆಮೇಲೆ ಮುಟ್ಟಿಸಿದ ತಕ್ಷಣ ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹಿಡಿಯಲಿ ಅಂತ ಹಚ್ಚುವ ವಸ್ತು) ಸುಟ್ಟು ಹೊಗೆಯಾಗುತ್ತೆ, ಇನ್ನೂ ಸ್ವಲ್ಪ ಹಿಡಿದರೆ ಪಾರ್ಟ್ ಕೂರುವ ತಾಮ್ರದ ಪ್ಯಾಡೇ ಬೋರ್ಡಿಂದ ಎದ್ದು ಬರುತ್ತೆ. ಪೈನ್‌ಸಿಲ್‌ನಲ್ಲಿ ಹೀಟರ್ರೂ ಸೆನ್ಸರ್ರೂ ಟಿಪ್ ಒಳಗೇ ಇವೆ. ಅಗಲವಾದ ಗ್ರೌಂಡ್ ತಾಮ್ರಕ್ಕೆ ತಾಗಿ ಟಿಪ್ ತಣ್ಣಗಾದರೆ ಅದಕ್ಕೆ ಕೂಡಲೇ ಗೊತ್ತಾಗುತ್ತೆ, ಪವರ್ ತಳ್ಳುತ್ತೆ. ಸುಮ್ನೆ ಇಟ್ಟರೆ ತಾನೇ ಶಾಖ ಇಳಿಸಿಕೊಳ್ಳುತ್ತೆ, ಟಿಪ್ ಬಾಳಿಕೆ ಬರುತ್ತೆ. ಒಳಗಿರುವ ಐರನ್‌ಓಎಸ್ ಸಾಫ್ಟ್‌ವೇರ್ ಓಪನ್ ಸೋರ್ಸ್, ಹಾಗಾಗಿ ಇದನ್ನೆಲ್ಲ ನಮಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದು.

ಈಗ ಟಿಪ್ ವಿಚಾರ. ಜೊತೆಗೆ ಬರೋದು ಚೂಪು ಮೊನೆ. ಚಿಕ್ಕ ಪಾರ್ಟ್‌ಗೆ ಚೂಪು ಟಿಪ್ಪೇ ಸರಿ ಅಂತ ತುಂಬಾ ಜನ ನಂಬಿದ್ದಾರೆ, ಆದರೆ ಮೊನೆ ಪ್ಯಾಡಿಗೆ ತಾಗುವುದೇ ಒಂದು ಚುಕ್ಕಿಯಷ್ಟು ಜಾಗದಲ್ಲಿ, ಶಾಖ ಇಳಿಯೋದಾದರೂ ಹೇಗೆ? ಓರೆಯಾಗಿ ಕತ್ತರಿಸಿದಂತಿರುವ ಬೆವೆಲ್ ಟಿಪ್ ಅಥವಾ ಚಾಕು ಆಕಾರದ್ದು ತಗೊಳ್ಳಿ. ಬೆವೆಲ್ ಮುಖದ ಮೇಲೆ ಒಂದು ಹನಿ ಸೋಲ್ಡರ್ ನಿಲ್ಲುತ್ತೆ. ಐಸಿ (ಚಿಪ್) ಕಾಲುಗಳಿಗೆ ಧಾರಾಳವಾಗಿ ಫ್ಲಕ್ಸ್ ಹಾಕಿ ಈ ಕಡೆಯಿಂದ ಆ ಕಡೆಗೆ ಮೆಲ್ಲಗೆ ಎಳೆದರೆ, 0.5 ಮಿಮೀ ಅಂತರದ ಕಾಲುಗಳೂ ಒಂದೊಂದಾಗಿ ಹಿಡಿದುಕೊಳ್ಳೋದನ್ನ ನೋಡೋದೇ ಖುಷಿ. ಎರಡು ಕಾಲು ಅಂಟಿಕೊಂಡರೆ ಹೆಚ್ಚಾದ ಸೋಲ್ಡರ್ ಹೀರಿಕೊಳ್ಳುವ ತಾಮ್ರದ ವಿಕ್ ಇದ್ದೇ ಇದೆ.

ಇನ್ನೊಂದು, ಚಾರ್ಜರ್ ಡಬ್ಬಿಯಲ್ಲಿ ಬರಲ್ಲ. ಇದು ಮುಖ್ಯ. ವಿ2ನ ಗಿಡ್ಡ ಟಿಪ್‌ಗೆ 6.2 ಓಮ್ ರೆಸಿಸ್ಟೆನ್ಸ್. 9 ವೋಲ್ಟ್ ಕೊಡುವ ಫೋನ್ ಚಾರ್ಜರ್ ಸಿಕ್ಕಿಸಿದರೆ ಹೆಚ್ಚೆಂದರೆ 13 ವ್ಯಾಟ್ ಸಿಗುತ್ತೆ, ಅದೇ 20 ವೋಲ್ಟಿನ 65 ವ್ಯಾಟ್ ಪಿಡಿ (ಯುಎಸ್‌ಬಿ ಪವರ್ ಡೆಲಿವರಿ) ಚಾರ್ಜರ್ ಹಾಕಿದರೆ ಸುಮಾರು 64. "ಕಾಯೋದೇ ಇಲ್ಲ" ಅಂತ ದೂರುವ ಮುಂಚೆ ಇದನ್ನೊಮ್ಮೆ ನೋಡಿ. ಡಿಸಿ ಜ್ಯಾಕ್ ಕೂಡ ಇದೆ, ಪಿನ್ ಹೊಂದಿದರೆ ಹಳೇ 19 ವೋಲ್ಟ್ ಲ್ಯಾಪ್‌ಟಾಪ್ ಅಡಾಪ್ಟರ್ ಸಾಕು.

ಶಾಖ ಎಷ್ಟಿಡಬೇಕು? 63/37 ಸೀಸದ ಸೋಲ್ಡರ್ (63 ಪಾಲು ತವರ, 37 ಪಾಲು ಸೀಸ) 183 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ. ನಾನು 320ರ ಆಸುಪಾಸು ಇಡ್ತೀನಿ, ಸೀಸವಿಲ್ಲದ್ದಕ್ಕೆ 350. ಹೊಗೆ ಮುಖಕ್ಕೆ ಬರದ ಹಾಗೆ ಒಂದು ಫ್ಯಾನ್ ಇರಲಿ.

ಇದರಿಂದ ಆಗದ ಕೆಲಸ ಒಂದಿದೆ. ಹೊಟ್ಟೆಯ ಕೆಳಗೆ ಪ್ಯಾಡ್ ಇರುವ ಕ್ಯೂಎಫ್‌ಎನ್ ಚಿಪ್ಪುಗಳಿಗೆ ಯಾವ ಐರನ್ ಟಿಪ್ಪೂ ಮೇಲಿನಿಂದ ತಲುಪಲ್ಲ. ಅಂಥವು ನಿಮ್ಮ ಬೋರ್ಡಲ್ಲಿ ಜಾಸ್ತಿ ಇದ್ದರೆ ಮೊದಲು ಹಾಟ್ ಏರ್ ಗನ್ ತಗೊಳ್ಳಿ, ಪೈನ್‌ಸಿಲ್ ಆಮೇಲೆ.