ಗಂಟಲೊಳಗೆ ಸಿಲಿಕೋನ್ ಇದ್ದವರ ಕೆಮ್ಮನ್ನು ದಮ್ಮು ಅಂದುಕೊಳ್ಳಬೇಡ್ರಿ

ಥೈರಾಯ್ಡ್ ಆಪರೇಷನ್ ಆದಮೇಲೆ ದನಿ ಹೋಗಿ, ಅದನ್ನು ಸರಿಮಾಡಲು ಇನ್ನೊಂದು ಆಪರೇಷನ್ ಮಾಡಿಸಿಕೊಂಡವರು ಮನೆಯಲ್ಲಿದ್ದರೆ ಇದನ್ನು ಪೂರ್ತಿ ಓದ್ರಿ.

ನಮ್ಮಕ್ಕ ಇರುವುದು ಆಳಂದ ತಾಲ್ಲೂಕಿನಲ್ಲಿ. ಥೈರಾಯ್ಡ್ ಗಡ್ಡೆ ತೆಗೆಯುವಾಗ ನರಕ್ಕೆ ಪೆಟ್ಟಾಗಿ ಎಡಗಡೆಯ ಧ್ವನಿತಂತು ಅಲುಗಾಡದಂತಾಯಿತು. ಮಾತಾಡಿದರೆ ಬರೀ ಗಾಳಿ, ನೀರು ಕುಡಿದರೆ ಠಸಕಿ. ತಿಂಗಳುಗಟ್ಟಲೆ ಕಾದರೂ ನರ ಚೇತರಿಸಲಿಲ್ಲ. ಹೊರಗಿನ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಥೈರೋಪ್ಲಾಸ್ಟಿ ಮಾಡಿದರು. ಧ್ವನಿಪೆಟ್ಟಿಗೆಯ ಮೆದು ಎಲುಬಿನಲ್ಲಿ ಕಿಂಡಿ ಕೊರೆದು, ಸಿಲಿಕೋನ್ ಅನ್ನುವ ರಬ್ಬರಿನಂಥ ವಸ್ತುವಿನ ತುಂಡಿಟ್ಟು, ನಿಂತುಹೋದ ತಂತುವನ್ನು ನಡುವಿಗೆ ತಳ್ಳುವ ಕೆಲಸ ಅದು. ಅಕ್ಕನನ್ನು ಎಚ್ಚರದಲ್ಲೇ ಇಟ್ಟು, ಮಾತಾಡಿಸುತ್ತಲೇ ತುಂಡಿನ ಅಳತೆ ನೋಡಿದರು. ದನಿ ಬಂತು. ಆಪರೇಷನ್ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟಿರುವುದು ಡಿಸ್ಚಾರ್ಜ್ ಚೀಟಿಯ ಮೇಲೆ. ದನಿಯ ಆಪರೇಷನ್ ಅಂತ ಒಂದೇ ಸಾಲು. ಒಳಗೆ ಏನಿಟ್ಟರು, ಎಷ್ಟು ಅಳತೆಯದು, ವರ್ಷಗಳ ಮೇಲೂ ಅದು ಜರುಗಬಹುದು ಅನ್ನುವುದು ಎಲ್ಲೂ ಇಲ್ಲ. ಬಾಯಿಮಾತಿನಲ್ಲೂ ಯಾರೂ ಹೇಳಲಿಲ್ಲ.

ಎರಡು ವರ್ಷ ದಾಟಿತ್ತು, ತೊಗರಿ ರಾಶಿಯ ಕಾಲ. ಕೆಮ್ಮು ಶುರುವಾದಾಗ ಧೂಳಿಂದು ಅಂದರು. ಕಫ ಪರೀಕ್ಷೆ ಮಾಡಿ ಟಿಬಿ ಇಲ್ಲ ಅಂದರು. ಕೊನೆಗೆ ದಮ್ಮು ಅಂತ ಹೆಸರಿಟ್ಟು ಇನ್‌ಹೇಲರ್, ನೆಬುಲೈಸರ್. ಏನೂ ಹತ್ತಲಿಲ್ಲ. ದನಿ ಮತ್ತೆ ಒಡೆಯಿತು, ಕಫದಲ್ಲಿ ರಕ್ತದ ಎಳೆ ಕಾಣಿಸಿತು. ಕುತ್ತಿಗೆಯ ಕಲೆ ನೋಡಿದವರೆಲ್ಲ "ಥೈರಾಯ್ಡಿಂದಲ್ರಿ?" ಅಂದು ಮುಂದಿನ ಗುಳಿಗೆ ಬರೆದರು.

ಕಲಬುರಗಿಯ ಇಎನ್‌ಟಿ ಡಾಕ್ಟರೊಬ್ಬರು ಕೇಳಿದ ಮೊದಲ ಪ್ರಶ್ನೆಯೇ ಬೇರೆ: "ಉಸಿರು ಎಳಿಯುವಾಗ ಸಪ್ಪಳ ಬರ್ತದೋ, ಬಿಡುವಾಗೇನ್ರಿ?" ದಮ್ಮಿನ ಸುಂಯ್‌ ಸಪ್ಪಳ ಹೆಚ್ಚಾಗಿ ಉಸಿರು ಬಿಡುವಾಗ ಬರುತ್ತದೆ, ಗಂಟಲ ದಾರಿ ಕಿರಿದಾದರೆ ಎಳೆಯುವಾಗ. ಅಕ್ಕನದು ಎಳೆಯುವಾಗಿನದು. ಮೂಗಿನಿಂದ ದುರ್ಬೀನು ಇಳಿಸಿ ನೋಡಿದರೆ ಸಿಲಿಕೋನಿನ ಮೂಲೆ ಒಳಪದರ ಹರಿದು ಉಸಿರಿನ ದಾರಿಗೆ ಬಂದಿತ್ತು, ಸುತ್ತ ಕೆಂಪು ಮಾಂಸ ಬೆಳೆದಿತ್ತು.

ತುಂಡು ತೆಗೆದರು. ದನಿ ಮತ್ತೆ ಗಾಳಿಯಾಗಿದೆ. ಒಳಗಿನ ಗಾಯ ಮಾಯಲಿ, ಆಮೇಲೆ ನೋಡೋಣ ಅಂದಿದ್ದಾರೆ.

ಹೀಗಾಗುವುದು ಅಪರೂಪ, ಅದಕ್ಕೇ ಯಾರಿಗೂ ಹೊಳೆಯುವುದಿಲ್ಲ. ಆಸ್ಪತ್ರೆ ಬಿಡುವ ಮೊದಲೇ ಆಪರೇಷನ್ ನೋಟಿನ ಪ್ರತಿ ಪಡೆದು, ಒಳಗಿಟ್ಟ ವಸ್ತುವಿನ ಹೆಸರು, ಅಳತೆ ಬರೆಸಿಕೊಳ್ಳಿ. ಫೋಟೊ ತೆಗೆದು ಫೋನಿನಲ್ಲಿಡಿ. ಮುಂದೆ ಬೇರೆ ಯಾವುದೇ ಆಪರೇಷನ್ ಆದರೂ ಅರಿವಳಿಕೆ ಡಾಕ್ಟರಿಗೆ ಇದನ್ನು ತೋರಿಸಿ, ಉಸಿರಾಟಕ್ಕೆ ಗಂಟಲೊಳಗೆ ಇಳಿಸುವ ಕೊಳವೆ ಸಣ್ಣದು ಬೇಕಾಗಬಹುದು. ಉಸಿರೆಳೆಯುವಾಗ ಸಪ್ಪಳ ಬಂದರೆ ಬೆಳಗಿನ ಓಪಿಡಿಗೆ ಕಾಯಬೇಡಿ. ರಾತ್ರಿಯಾದರೂ ಇಎನ್‌ಟಿ ಇರುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, "ಗಂಟಲೊಳಗ ಸಿಲಿಕೋನ್ ಇಟ್ಟಾರ್ರಿ" ಅಂತ ಮೊದಲೇ ಹೇಳಿ.